ಓದುಗರ ಪ್ರಶ್ನೆ, ನಮ್ಮ ಉತ್ತರ: ಕೊಲೆ ಪ್ರಕರಣದಲ್ಲಿ ಸಾಬೀತಾದದ್ದೆಷ್ಟು, ಊರು ಹೇಳುತ್ತಿರುವುದೆಷ್ಟು?

ಪ್ರಶ್ನೆ: ಮಾನ್ಯರೇ, ಕಳೆದ ಮಳೆಗಾಲದಲ್ಲಿ ನಮ್ಮೂರಿನ ಕಾಫಿ ತೋಟವೊಂದರ ಮಾಲೀಕರು ಗುಂಡೇಟು ತಗಲಿ ತೋಟದಲ್ಲೇ ಸತ್ತುಬಿದ್ದಿದ್ದರು. ಅವರ ಅಣ್ಣನ ಮಗನನ್ನು ಪೊಲೀಸರು ಬಂಧಿಸಿದ್ದಾರೆ. ಆಸ್ತಿಯ ಪಾಲಿನ ಜಗಳವೇ ಕಾರಣವೆಂದೂ, ಆತ ಠಾಣೆಯಲ್ಲಿ ತಪ್ಪೊಪ್ಪಿಕೊಂಡನೆಂದೂ, ತೋಟದ ಕೂಲಿಯವರ ಸಾಲುಮನೆಯಾದ ಲೈನ್‌ಮನೆಯಲ್ಲಿದ್ದ ಅಸ್ಸಾಂ ಕಡೆಯ ಕಾರ್ಮಿಕನೊಬ್ಬ ಮರುದಿನವೇ ಊರು ಬಿಟ್ಟದ್ದರಿಂದ ಅವನಿಗೂ ಇದರಲ್ಲಿ ಪಾಲಿದೆಯೆಂದೂ ಊರೆಲ್ಲ ಮಾತನಾಡುತ್ತಿದೆ. ಬಂಧಿತನ ತಾಯಿ ನಮ್ಮ ಮನೆಗೆ ಮೊದಲಿನಿಂದಲೂ ಬಂದು ಹೋಗುವವರು. ಅವರೊಡನೆ ಹೇಗೆ ನಡೆದುಕೊಳ್ಳಬೇಕೆಂದೇ ತೋಚುತ್ತಿಲ್ಲ. ಇವುಗಳಲ್ಲಿ ಯಾವುದನ್ನು ನಂಬಬೇಕು?
– ಓದುಗರೊಬ್ಬರು, ಮಡಿಕೇರಿ ತಾಲ್ಲೂಕು

ಉತ್ತರ: ಪ್ರಕರಣ ಇನ್ನೂ ಇತ್ಯರ್ಥವಾಗದಿರುವುದರಿಂದ ತಮ್ಮ ಪತ್ರದಲ್ಲಿದ್ದ ಊರಿನ, ಮನೆತನದ ಮತ್ತು ವ್ಯಕ್ತಿಗಳ ಹೆಸರುಗಳನ್ನು ಬಿಟ್ಟು ಪ್ರಕಟಿಸಿದ್ದೇವೆ. ಆ ಯುವಕ ಕೊಂದನೇ ಇಲ್ಲವೇ ಎಂದು ಹೇಳುವ ಅಧಿಕಾರ ಈ ಅಂಕಣಕ್ಕಿಲ್ಲ. ಆದರೆ ತಾವು ಬರೆದಿರುವ ಸಂಗತಿಗಳಲ್ಲಿ ಯಾವುದು ಗಟ್ಟಿಯಾಗಿದೆ, ಯಾವುದು ಇನ್ನೂ ಬರೀ ಮಾತು ಎಂಬುದನ್ನು ಬೇರ್ಪಡಿಸಿ ತೋರಿಸಬಹುದು.

ತಮ್ಮ ಪತ್ರದಲ್ಲಿ ಈ ಹೊತ್ತಿಗೆ ನಿಶ್ಚಿತವೆನ್ನಬಹುದಾದದ್ದು ಬಹಳ ಕಡಿಮೆ. ಒಬ್ಬರು ಸತ್ತಿದ್ದಾರೆ, ಮರಣೋತ್ತರ ಪರೀಕ್ಷೆಯ ವರದಿ ಹಾಗೆ ಹೇಳಿದ್ದರೆ ಸಾವಿಗೆ ಗುಂಡೇಟು ಕಾರಣ, ಒಬ್ಬರ ಬಂಧನವಾಗಿದೆ. ಮಿಕ್ಕದ್ದೆಲ್ಲ ಯಾರೋ ಯಾರಿಗೋ ಹೇಳಿದ ಮಾತು. ಅದರಲ್ಲಿ ಕೆಲವು ಮುಂದೆ ನಿಜವೆಂದು ಸಾಬೀತಾಗಬಹುದು, ಆದರೆ ಮುಂದೆ ಸಾಬೀತಾಗಬಹುದು ಎಂಬ ಕಾರಣಕ್ಕೆ ಈಗಲೇ ಅದನ್ನು ಸಂಗತಿಯೆಂದು ಎಣಿಸುವಂತಿಲ್ಲ.

ಪೊಲೀಸ್ ಕಾಗದದಲ್ಲಿ ಬಂದದ್ದೆಲ್ಲ ಸಾಬೀತಾದ ಸಂಗತಿ ಎಂಬ ಭಾವನೆ ನಮ್ಮಲ್ಲಿ ಬಲವಾಗಿದೆ. ಪ್ರಥಮ ವರ್ತಮಾನ ವರದಿ, ಅಂದರೆ ಎಫ್‌ಐಆರ್, ಅಪರಾಧ ನಡೆದಿದೆಯೆಂದು ಒಬ್ಬರು ಠಾಣೆಗೆ ಕೊಟ್ಟ ಮಾಹಿತಿಯ ದಾಖಲೆ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಬದಲಿಗೆ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಸೆಕ್ಷನ್ನಿನಡಿ ಅದು ದಾಖಲಾಗುತ್ತದೆ. ಅದರಲ್ಲಿರುವುದು ದೂರುದಾರರ ತಿಳಿವಳಿಕೆ, ಕೆಲವೊಮ್ಮೆ ಅವರ ಅನುಮಾನ. ವಿಚಾರಣೆಯಲ್ಲಿ ಅದೇ ಸ್ವತಂತ್ರ ಸಾಕ್ಷ್ಯವಾಗುವುದಿಲ್ಲ, ದೂರುದಾರರೇ ಕಟಕಟೆಗೆ ಬಂದು ಹೇಳಿಕೆ ಕೊಟ್ಟು ಪಾಟೀಸವಾಲನ್ನು, ಅಂದರೆ ಎದುರು ಪಕ್ಷದ ವಕೀಲರ ಪ್ರಶ್ನೆಗಳನ್ನು, ಎದುರಿಸಬೇಕು. ದೋಷಾರೋಪ ಪಟ್ಟಿ ಇದಕ್ಕಿಂತ ಮುಂದಿನ ಹೆಜ್ಜೆಯಾದರೂ ಅದು ತನಿಖಾಧಿಕಾರಿ ತಲುಪಿದ ನಿಲುವೇ ಹೊರತು ನ್ಯಾಯಾಲಯದ ನಿರ್ಣಯವಲ್ಲ. ಕೊಲೆಯಂಥ ಪ್ರಕರಣದಲ್ಲಿ 90 ದಿನಗಳೊಳಗೆ ಅದನ್ನು ಸಲ್ಲಿಸದಿದ್ದರೆ ಬಂಧನದಲ್ಲಿರುವ ಆರೋಪಿಗೆ ಜಾಮೀನಿನ ಹಕ್ಕು ಬರುತ್ತದೆ. ಹೀಗಾಗಿ ಪ್ರಯೋಗಾಲಯದ ವರದಿಗಳು ಕೈಸೇರುವ ಮುನ್ನವೇ ಪಟ್ಟಿ ಸಲ್ಲಿಕೆಯಾಗುವುದೂ ಉಂಟು.

ಈ ಮಾತು ಕೊಡಗಿನವರಿಗೆ ಬೇರೆಯವರಿಗಿಂತ ಚೆನ್ನಾಗಿ ತಿಳಿದಿರಬೇಕು. ಕುಶಾಲನಗರ ಸಮೀಪದ ಕೂಲಿ ಕಾರ್ಮಿಕರೊಬ್ಬರ ಪತ್ನಿ 2020ರ ಕೊನೆಯಲ್ಲಿ ಕಾಣೆಯಾದರು. ಕಾಣೆಯಾಗಿದ್ದಾರೆಂದು ದೂರು ಕೊಟ್ಟವರು ಗಂಡನೇ. ನೆರೆಯ ಮೈಸೂರು ಜಿಲ್ಲೆಯ ಬೆಟ್ಟದಪುರದ ಬಳಿ ಒಂದು ಅಸ್ಥಿಪಂಜರ ಸಿಕ್ಕಿತು. ಅದು ಕಾಣೆಯಾದ ಆ ಪತ್ನಿಯದೇ ಎಂದು ಪೊಲೀಸರು ತೀರ್ಮಾನಿಸಿ, ಗಂಡನೇ ಕೊಂದನೆಂದು ಅವರನ್ನು ಬಂಧಿಸಿ, ದೋಷಾರೋಪ ಪಟ್ಟಿಯನ್ನೂ ಸಲ್ಲಿಸಿದರು. ಡಿಎನ್‌ಎ ಪರೀಕ್ಷೆ ಹೊಂದಾಣಿಕೆಯಾಗಲಿಲ್ಲ. ಆದರೂ ಪ್ರಕರಣ ಮುಂದುವರಿಯಿತು, ಆ ಮನುಷ್ಯ ಒಂದೂವರೆ ವರ್ಷಕ್ಕೂ ಹೆಚ್ಚು ಕಾಲ ಸೆರೆಮನೆಯಲ್ಲಿ ಕಳೆದರು. 2025ರ ಏಪ್ರಿಲ್‌ನಲ್ಲಿ ಅವರ ಪರಿಚಯದವರ ಕಣ್ಣಿಗೆ ಮಡಿಕೇರಿಯ ಹೋಟೆಲೊಂದರಲ್ಲಿ ಆ ಪತ್ನಿ ಜೀವಂತವಾಗಿಯೇ ಬಿದ್ದರು. ಅವರನ್ನು ಮೈಸೂರಿನ ನ್ಯಾಯಾಲಯದ ಮುಂದೆ ಹಾಜರುಪಡಿಸಲಾಯಿತು. ಅದೇ ತಿಂಗಳು ನ್ಯಾಯಾಲಯ ಗಂಡನನ್ನು ಬಿಡುಗಡೆ ಮಾಡಿ, ಅವರಿಗೆ 1 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಆದೇಶಿಸಿತು.

ಈ ಪ್ರಕರಣದಲ್ಲಿ ನಿಜವಾಗಿಯೂ ಸಾಬೀತಾಗಿದ್ದದ್ದು ಏನೆಂದು ತಾವೇ ಎಣಿಸಿ ನೋಡಿ. ಒಬ್ಬ ಮಹಿಳೆ ಕಾಣೆಯಾಗಿದ್ದರು, ಒಂದು ಅಸ್ಥಿಪಂಜರ ಸಿಕ್ಕಿತ್ತು. ಈ ಎರಡೂ ನಿಜ. ಅವೆರಡರ ನಡುವೆ ಎಳೆದ ಗೆರೆ ಮಾತ್ರ ಊಹೆ. ಸತ್ತವರು ಯಾರು ಎಂಬುದು ಕೊಲೆ ಪ್ರಕರಣದ ಮೊಟ್ಟಮೊದಲ ಪ್ರಶ್ನೆ. ಅದಕ್ಕೇ ಉತ್ತರ ಸಿಗದಿದ್ದಾಗ ಕಾರಣ, ಹಗೆ, ಶೀಲದ ಬಗೆಗಿನ ಗುಸುಗುಸು ಎಲ್ಲವೂ ಗಾಳಿಯಲ್ಲಿ ಕಟ್ಟಿದ ಗೋಡೆಯಾಗಿದ್ದವು. ಆ ಗೋಡೆಯ ಹಿಂದೆ ಒಬ್ಬ ಬಡ ಮನುಷ್ಯನ ವರ್ಷಗಳು ಹಾಳಾದವು. ಇನ್ನೂ ಒಂದು ಸಂಗತಿ ನಮ್ಮನ್ನು ಕಾಡುತ್ತದೆ. ಆ ಮೂಳೆಗಳು ಬೇರೆ ಯಾರದೋ ಆಗಿದ್ದವು. ಗಂಡನ ಮೇಲೆಯೇ ಕಣ್ಣು ನೆಟ್ಟದ್ದರಿಂದ, ಅವು ಯಾರವೆಂದು ಕೇಳಬೇಕಾದ ದಿನಗಳೂ ಕೈತಪ್ಪಿದವು.

ತಮ್ಮೂರಿನ ಪ್ರಕರಣಕ್ಕೆ ಬಂದರೆ, ಆಸ್ತಿಯ ಪಾಲಿನ ಜಗಳ ಇದ್ದದ್ದು ನಿಜವಿರಬಹುದು. ಕಂದಾಯ ದಾಖಲೆ, ಸಿವಿಲ್ ದಾವೆ ಅಥವಾ ವಕೀಲರ ನೋಟಿಸು ಇದ್ದರೆ ಅಷ್ಟರಮಟ್ಟಿಗೆ ಅದು ದಾಖಲೆಯುಳ್ಳ ಸಂಗತಿಯೇ. ಆದರೆ ಜಗಳವಿತ್ತು ಎಂಬುದರಿಂದ ಕೊಂದನು ಎಂಬಲ್ಲಿಗೆ ಹೋಗಲು ನಡುವೆ ಬೇರೆ ಸಾಕ್ಷ್ಯ ಬೇಕು. ಪಾಲಿನ ವ್ಯಾಜ್ಯವಿಲ್ಲದ ಮನೆಗಳು ನಮ್ಮ ಜಿಲ್ಲೆಯಲ್ಲಿ ಎಷ್ಟಿವೆ? ಕಣ್ಣಾರೆ ಕಂಡವರಿಲ್ಲದ ಪ್ರಕರಣದಲ್ಲಿ ಸಾಂದರ್ಭಿಕ ಸಾಕ್ಷ್ಯಗಳು ಕೊಂಡಿ ಕಳಚದ ಸರಪಳಿಯಂತಿರಬೇಕು, ಪ್ರತಿಯೊಂದು ಸಂದರ್ಭವೂ ಪೂರ್ಣವಾಗಿ ಸಾಬೀತಾಗಿರಬೇಕು, ಆರೋಪಿ ನಿರಪರಾಧಿಯಾಗಿರಬಹುದು ಎಂಬ ಯಾವ ಸಮಂಜಸ ವಿವರಣೆಗೂ ಎಡೆಯಿರಬಾರದು ಎಂದು ಸುಪ್ರೀಂ ಕೋರ್ಟ್ 1984ರಲ್ಲಿಯೇ ಸ್ಪಷ್ಟಪಡಿಸಿದೆ. ಕೆಳಗಿನ ನ್ಯಾಯಾಲಯಗಳು ಇಂದಿಗೂ ಆ ತೀರ್ಪನ್ನೇ ಮುಂದಿಟ್ಟುಕೊಂಡು ಸಾಕ್ಷ್ಯವನ್ನು ತೂಗುತ್ತವೆ.

ಅಸ್ಸಾಂ ಕಡೆಯ ಕಾರ್ಮಿಕನ ವಿಷಯದಲ್ಲಿ ಇನ್ನಷ್ಟು ಎಚ್ಚರ ಬೇಕೆಂದು ಕಳಕಳಿಯಿಂದ ಕೇಳಿಕೊಳ್ಳುತ್ತೇವೆ. ಆತ ಊರು ಬಿಟ್ಟದ್ದು ನಿಜವೇ ಆಗಿದ್ದರೂ ಅದಕ್ಕೆ ಕಾರಣ ನೂರಿರಬಹುದು. ಕೂಲಿ ಬಾಕಿ, ಊರಿಂದ ಬಂದ ಕರೆ ಅಥವಾ ಹೆಣ ಸಿಕ್ಕ ತೋಟದಲ್ಲಿ ಉಳಿದರೆ ತನ್ನ ಮೇಲೆಯೇ ಅನುಮಾನ ಬರುತ್ತದೆಂಬ ಭಯ. ಭಾಷೆ ಬಾರದ, ಬೆನ್ನಿಗೆ ಯಾರೂ ಇಲ್ಲದ ಮನುಷ್ಯನ ಮೇಲೆ ಆರೋಪ ಹೊರಿಸುವುದು ಅತ್ಯಂತ ಸುಲಭ, ಅದನ್ನು ಅಲ್ಲಗಳೆಯಲು ಆತನಿಗೆ ಅತ್ಯಂತ ಕಷ್ಟ. ಮಾಲೀಕರ ಹಾಜರಿ ಪುಸ್ತಕದಲ್ಲಿ ಆತ ಕೊನೆಯ ದಿನ ಕೆಲಸ ಮಾಡಿದ್ದು ಯಾವಾಗ, ಲೆಕ್ಕ ಚುಕ್ತಾ ಆದದ್ದು ಯಾವಾಗ ಎಂಬುದು ಊರ ಮಾತಿಗಿಂತ ಹೆಚ್ಚು ಹೇಳುತ್ತದೆ. ತನಿಖಾಧಿಕಾರಿ ಕೇಳಬೇಕಾದ ಪುಸ್ತಕ ಅದು.

ಇನ್ನು ಆ ತಾಯಿ. ಅವರ ಮೇಲೆ ಯಾವ ಆರೋಪವೂ ಇಲ್ಲವೆಂದು ತಮ್ಮ ಪತ್ರದಿಂದಲೇ ತಿಳಿಯುತ್ತದೆ. ಮೊದಲು ಹೇಗೆ ನಡೆದುಕೊಳ್ಳುತ್ತಿದ್ದಿರೋ ಹಾಗೆಯೇ ನಡೆದುಕೊಳ್ಳಿ. ಅವರ ಎದುರಿನಲ್ಲಿ ಪ್ರಕರಣದ ಚರ್ಚೆ ಬೇಡ, ಮಗ ನಿರಪರಾಧಿಯೆಂಬ ಭರವಸೆಯನ್ನೂ ತಾವು ಕೊಡಬೇಕಾಗಿಲ್ಲ. ಸತ್ತವರ ಮನೆಯವರಿಗೂ ಇದೇ ಮಾತು ಅನ್ವಯಿಸುತ್ತದೆ. ಅವರಿಗೆ ಬೇಕಾಗಿರುವುದು ನಿಜವಾದ ಅಪರಾಧಿಗೆ ಶಿಕ್ಷೆಯೇ ಹೊರತು ಸಿಕ್ಕಿದ ಯಾರಿಗಾದರೂ ಶಿಕ್ಷೆಯಲ್ಲ.

ಪ್ರಶ್ನೆ: ಕೊಲೆ ಪ್ರಕರಣವೊಂದರಲ್ಲಿ ಆರೋಪಿ ಪೊಲೀಸರ ಮುಂದೆ ತಾನೇ ಕೊಂದೆನೆಂದು ಒಪ್ಪಿಕೊಂಡು, ಕತ್ತಿಯನ್ನು ಎಲ್ಲಿ ಎಸೆದನೆಂಬುದನ್ನೂ ತೋರಿಸಿದ ಮೇಲೆ ಇನ್ನೇನು ಸಾಬೀತಾಗಬೇಕಿದೆ? ಔಷಧಿ ಕೊಟ್ಟು ಅರೆಪ್ರಜ್ಞೆಯಲ್ಲಿ ಪ್ರಶ್ನಿಸುವ ಮಂಪರು ಪರೀಕ್ಷೆ ಮಾಡಿದರೆ ಎಲ್ಲವೂ ಹೊರಬರುವುದಿಲ್ಲವೇ?
– ನಿವೃತ್ತ ಶಿಕ್ಷಕರು, ವಿರಾಜಪೇಟೆ

ಉತ್ತರ: ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಸಾಬೀತುಪಡಿಸುವಂತಿಲ್ಲ. 1872ರ ಸಾಕ್ಷ್ಯ ಕಾಯ್ದೆಯಲ್ಲಿದ್ದ ಈ ನಿಯಮ ಈಗಿನ ಭಾರತೀಯ ಸಾಕ್ಷ್ಯ ಅಧಿನಿಯಮದ 23ನೇ ಸೆಕ್ಷನ್ನಿನಲ್ಲಿ ಹಾಗೆಯೇ ಉಳಿದಿದೆ. ಬ್ರಿಟಿಷರ ಕಾಲದ ಶಾಸನಕರ್ತರೂ ತಮ್ಮದೇ ಪೊಲೀಸರ ವಶದಲ್ಲಿ ಹುಟ್ಟಿದ ತಪ್ಪೊಪ್ಪಿಗೆಯನ್ನು ನಂಬಲಿಲ್ಲ ಎಂಬುದನ್ನು ಗಮನಿಸಬೇಕು. ಮ್ಯಾಜಿಸ್ಟ್ರೇಟರ ಮುಂದೆ ಕೊಟ್ಟ ತಪ್ಪೊಪ್ಪಿಗೆಯ ಬೆಲೆ ಬೇರೆ. ಹೇಳಿಕೆ ಕೊಡುವುದು ಕಡ್ಡಾಯವಲ್ಲ, ಕೊಟ್ಟರೆ ಅದನ್ನು ತನ್ನ ವಿರುದ್ಧವೇ ಬಳಸಬಹುದು ಎಂದು ಅವರು ಆರೋಪಿಗೆ ತಿಳಿಸಬೇಕು, ಸ್ವಇಚ್ಛೆಯಿಂದ ಹೇಳುತ್ತಿದ್ದಾನೆಂದು ತಮಗೆ ಮನವರಿಕೆಯಾದರೆ ಮಾತ್ರ ಬರೆದುಕೊಳ್ಳಬೇಕು. ಆದ್ದರಿಂದ ಒಪ್ಪಿಕೊಂಡನಂತೆ ಎಂದು ಯಾರಾದರೂ ಹೇಳಿದರೆ ಯಾರ ಮುಂದೆ ಎಂದು ಕೇಳಿ.

ಕತ್ತಿಯ ವಿಷಯ ಸ್ವಲ್ಪ ಸೂಕ್ಷ್ಮವಾದದ್ದು. ಆರೋಪಿ ಕೊಟ್ಟ ಮಾಹಿತಿಯಿಂದ ಒಂದು ವಸ್ತು ಪತ್ತೆಯಾದರೆ, ಆ ಪತ್ತೆಗೆ ನೇರವಾಗಿ ಸಂಬಂಧಿಸಿದ ಮಾತಿನ ಭಾಗವನ್ನು ಮಾತ್ರ ನ್ಯಾಯಾಲಯ ಸ್ವೀಕರಿಸಬಹುದು. ‘ನಾನು ಚಿಕ್ಕಪ್ಪನನ್ನು ಕಡಿದ ಕತ್ತಿಯನ್ನು ಕೆರೆಯ ಏರಿಯ ಕೆಳಗಿನ ಪೊದೆಯಲ್ಲಿ ಬಚ್ಚಿಟ್ಟಿದ್ದೇನೆ, ತೋರಿಸುತ್ತೇನೆ’ ಎಂದು ಆತ ಹೇಳಿ, ಪಂಚರ, ಅಂದರೆ ಪೊಲೀಸರು ಕರೆತಂದ ಸಾಕ್ಷಿಗಳ, ಸಮಕ್ಷಮ ಪೊದೆಯಿಂದ ಕತ್ತಿ ತೆಗೆದುಕೊಟ್ಟನೆಂದು ಇಟ್ಟುಕೊಳ್ಳೋಣ. ಇದರಿಂದ ಸಾಬೀತಾಗುವುದು ಆ ಪೊದೆಯಲ್ಲಿ ಕತ್ತಿ ಇತ್ತು ಮತ್ತು ಅದು ಅಲ್ಲಿರುವುದು ಆತನಿಗೆ ಗೊತ್ತಿತ್ತು ಎಂಬಷ್ಟೇ. ‘ಚಿಕ್ಕಪ್ಪನನ್ನು ಕಡಿದ’ ಎಂಬ ಭಾಗ ಹೊರಗುಳಿಯುತ್ತದೆ. ಸ್ವಾತಂತ್ರ್ಯಕ್ಕೆ ಮುಂಚೆಯೇ, ಆಗ ನಮಗೆ ಕೊನೆಯ ಮೇಲ್ಮನವಿ ನ್ಯಾಯಾಲಯವಾಗಿದ್ದ ಲಂಡನ್ನಿನ ಪ್ರಿವಿ ಕೌನ್ಸಿಲ್ ಕೊಟ್ಟ ಈ ವಿವರಣೆ ಇಂದಿಗೂ ನಿಂತಿದೆ. ಆ ಕತ್ತಿಯೇ ಆಯುಧವೆಂದು ತೋರಿಸಲು ಅದರ ಮೇಲಿನ ರಕ್ತ ಮನುಷ್ಯರದೇ, ಸತ್ತವರದೇ ಎಂಬ ಪ್ರಯೋಗಾಲಯದ ವರದಿ ಬೇಕು, ಗಾಯದ ಆಳ ಅಗಲಗಳು ಅದಕ್ಕೆ ಹೊಂದುತ್ತವೆಯೆಂದು ಮರಣೋತ್ತರ ಪರೀಕ್ಷೆ ಮಾಡಿದ ವೈದ್ಯರು ಹೇಳಬೇಕು. ಕಾಡು ಸವರಲು ಮನೆಮನೆಯಲ್ಲೂ ಕತ್ತಿಯಿರುವ ನಮ್ಮ ಜಿಲ್ಲೆಯಲ್ಲಿ, ಕತ್ತಿ ಸಿಕ್ಕಿತು ಎಂಬ ಸುದ್ದಿಯೊಂದರಿಂದಲೇ ಹೆಚ್ಚೇನೂ ತಿಳಿಯುವುದಿಲ್ಲ.

ಮಂಪರು ಪರೀಕ್ಷೆಯ ಮೇಲಿನ ನಂಬಿಕೆಯನ್ನು ದಯವಿಟ್ಟು ಬಿಡಿ. ವ್ಯಕ್ತಿಯ ಒಪ್ಪಿಗೆಯಿಲ್ಲದೆ ಮಂಪರು ಪರೀಕ್ಷೆ, ಸುಳ್ಳು ಪತ್ತೆ ಪರೀಕ್ಷೆಗಳನ್ನು ನಡೆಸುವಂತಿಲ್ಲವೆಂದು ಸುಪ್ರೀಂ ಕೋರ್ಟ್ 2010ರಲ್ಲಿ ತೀರ್ಪು ಕೊಟ್ಟಿದೆ. ಒಪ್ಪಿಗೆಯಿಂದ ನಡೆದರೂ ಆ ಸ್ಥಿತಿಯಲ್ಲಿ ಆಡಿದ ಮಾತು ಸಾಕ್ಷ್ಯವಲ್ಲ.

ಪ್ರಶ್ನೆ: ಮನೆಯ ಕೋವಿ ವಶಪಡಿಸಿಕೊಂಡಿದ್ದಾರೆ, ‘ಗುಂಡು ಅದರದ್ದೇ’ ಎನ್ನುತ್ತಾರೆ. ಆರೋಪಿಯ ಮೊಬೈಲ್ ಆ ರಾತ್ರಿ ಅದೇ ಟವರ್‌ನಲ್ಲಿತ್ತಂತೆ. ಸಾವು ರಾತ್ರಿ ಸರಿಯಾಗಿ 9 ಗಂಟೆಗೆ ಆಗಿದೆಯೆಂದು ವೈದ್ಯರೂ ಹೇಳಿದ್ದಾರಂತೆ. ಇವೆಲ್ಲ ವೈಜ್ಞಾನಿಕವಲ್ಲವೇ?
– ಕಾಫಿ ಬೆಳೆಗಾರರು, ಪೊನ್ನಂಪೇಟೆ

ಉತ್ತರ: ಪರೀಕ್ಷೆಗಳು ವೈಜ್ಞಾನಿಕವೇ. ಆದರೆ ಅವು ಹೇಳುವುದಕ್ಕಿಂತ ಹೆಚ್ಚಿನದನ್ನು ಜನ ಅವುಗಳ ಬಾಯಲ್ಲಿ ಹೇಳಿಸುತ್ತಾರೆ.

ಮೊದಲಿಗೆ, ಮನೆಯಲ್ಲಿ ಕೋವಿ ಇರುವುದೇ ಅನುಮಾನಕ್ಕೆ ಎಡೆಯೆಂದು ಹೊರ ಜಿಲ್ಲೆಯವರು ಭಾವಿಸಬಹುದು. ಕೊಡವರಿಗೂ, ಜಮ್ಮಾ ಎಂಬ ವಂಶಪಾರಂಪರ್ಯ ಭೂ ಹಿಡುವಳಿಯುಳ್ಳವರಿಗೂ ಶಸ್ತ್ರಾಸ್ತ್ರ ಕಾಯ್ದೆಯ ಪರವಾನಗಿಯಿಂದ ವಿನಾಯಿತಿಯಿದೆ, 2021ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿದಿದೆ. ಇಲ್ಲಿ ಕೋವಿ ಮನೆಯ ಸಾಮಾನು, ಪೂಜೆಯ ವಸ್ತುವೂ ಹೌದು.

ನಮ್ಮಲ್ಲಿ ಹೆಚ್ಚಾಗಿರುವುದು 12 ಬೋರಿನ ಒಂಟಿ ಅಥವಾ ಜೋಡಿ ನಳಿಗೆಯ ಕೋವಿ. ರೈಫಲ್ಲಿನ ನಳಿಗೆಯ ಒಳಗೆ ಸುರುಳಿಯಾಗಿ ಕೊರೆದ ಗೀರುಗಳಿರುತ್ತವೆ, ಹಾದುಹೋಗುವ ಗುಂಡಿನ ಮೇಲೆ ಅವುಗಳ ಗುರುತು ಬೀಳುತ್ತದೆ, ಆ ಗುರುತಿನಿಂದ ಗುಂಡು ಯಾವ ನಳಿಗೆಯದೆಂದು ಹೇಳಲು ಸಾಧ್ಯವಾಗುತ್ತದೆ. 12 ಬೋರಿನ ನಳಿಗೆಯ ಒಳಮೈ ನಯವಾಗಿದ್ದು, ಅದರಿಂದ ಹೊರಡುವ ಸಣ್ಣ ಸೀಸದ ಗುಂಡುಗಳ ಮೇಲೆ ಅಂಥ ಗುರುತು ಬೀಳುವುದಿಲ್ಲ. ಆದ್ದರಿಂದ ದೇಹದಿಂದ ತೆಗೆದ ಆ ಸಣ್ಣ ಗುಂಡುಗಳನ್ನು ನೋಡಿ ‘ಇದೇ ಕೋವಿಯದು’ ಎಂದು ಯಾವ ತಜ್ಞರೂ ಹೇಳಲಾರರು. ಹೇಳಲು ಸಾಧ್ಯವಾಗುವುದು ಖಾಲಿ ಕಾಡತೂಸು, ಅಂದರೆ ಗುಂಡು ಹಾರಿದ ಮೇಲೆ ಉಳಿಯುವ ತೋಟೆಯ ಖೋಲು, ಸಿಕ್ಕಿದ್ದರೆ. ಅದರ ಬುಡದ ಮೇಲೆ ಕೋವಿಯ ಸೂಜಿ ಬಡಿದ ಗುರುತು ಉಳಿಯುತ್ತದೆ, ಅದೇ ಕೋವಿಯಿಂದ ಪ್ರಯೋಗಾಲಯದಲ್ಲಿ ಹಾರಿಸಿದ ಕಾಡತೂಸಿನ ಗುರುತಿನೊಡನೆ ಅದನ್ನು ಸೂಕ್ಷ್ಮದರ್ಶಕದಲ್ಲಿ ಹೋಲಿಸುತ್ತಾರೆ. ಹಾಗಾಗಿ ತಾವು ಕೇಳಬೇಕಾದದ್ದು ಸ್ಥಳ ಮಹಜರಿನಲ್ಲಿ ಖಾಲಿ ಕಾಡತೂಸು ನಮೂದಾಗಿದೆಯೇ, ಹೋಲಿಕೆಯ ವರದಿ ಬಂದಿದೆಯೇ ಎಂದು. ಹೋಲಿಕೆ ಕೂಡಿಬಂದರೂ ಹಾರಿದ್ದು ಆ ಕೋವಿಯಿಂದ ಎಂದು ತಿಳಿದೀತು. ಹಾರಿಸಿದವರು ಯಾರು ಎಂಬ ಪ್ರಶ್ನೆ ಉಳಿದೇ ಇರುತ್ತದೆ, ಏಕೆಂದರೆ ಮನೆಯ ಕೋವಿ ಮನೆಯವರೆಲ್ಲರ ಕೈಗೆ ಸಿಗುವಂಥದ್ದು.

ಗಾಯದ ಆಕಾರದಿಂದ ದೂರವನ್ನು ಅಂದಾಜು ಮಾಡಬಹುದು. ತೀರ ಹತ್ತಿರದಿಂದ ಹಾರಿಸಿದರೆ ಸಣ್ಣ ಗುಂಡುಗಳು ಒಟ್ಟಾಗಿ ಒಂದೇ ರಂಧ್ರ ಮಾಡಿ ಒಳಹೋಗುತ್ತವೆ, ಸುತ್ತ ಸುಟ್ಟ ಕಲೆಯೂ ಮಸಿಯೂ ಕಾಣಬಹುದು. ದೂರವಾದಷ್ಟೂ ಅವು ಚದುರಿ ಬೇರೆಬೇರೆ ರಂಧ್ರಗಳಾಗುತ್ತವೆ. ಕತ್ತಲಲ್ಲಿ ಹಂದಿಯೆಂದು ತಿಳಿದು ದೂರದಿಂದ ಹಾರಿಸಿದೆ ಎಂಬ ಸಮಜಾಯಿಷಿಯನ್ನು ಪರೀಕ್ಷಿಸುವುದೂ ಇದರಿಂದಲೇ. ಸಾವು ಕೊಲೆಯೋ, ಆಕಸ್ಮಿಕವೋ, ಆತ್ಮಹತ್ಯೆಯೋ ಎಂಬ ಪ್ರಶ್ನೆಗೆ ಈ ಗಾಯದ ವಿವರ ಊರವರ ನೂರು ಮಾತಿಗಿಂತ ಮೇಲು.

ಟವರ್ ವಿಚಾರದಲ್ಲಿ ಪಟ್ಟಣದ ಲೆಕ್ಕ ಇಲ್ಲಿ ನಡೆಯದು. ಮೊಬೈಲ್ ಯಾವ ಟವರ್‌ನ ವ್ಯಾಪ್ತಿಯಲ್ಲಿತ್ತೆಂದು ಕರೆ ದಾಖಲೆ ತಿಳಿಸುತ್ತದೆ, ಯಾವ ಮನೆಯಲ್ಲಿತ್ತೆಂದು ತಿಳಿಸುವುದಿಲ್ಲ. ಗುಡ್ಡದ ಮೇಲಿನ ಒಂದೇ ಟವರ್ ಹಲವು ತೋಟಗಳಿಗೆ ಸಿಗ್ನಲ್ ಕೊಡುವಲ್ಲಿ, ಆರೋಪಿಯ ಸ್ವಂತ ಮನೆಯೂ ಕೊಲೆಯಾದ ಜಾಗವೂ ಅದೇ ವ್ಯಾಪ್ತಿಯಲ್ಲಿದ್ದರೆ ಆ ದಾಖಲೆಯಿಂದ ಹೊಸದೇನೂ ತಿಳಿಯುವುದಿಲ್ಲ. ಆತ ಆ ರಾತ್ರಿ ಮೈಸೂರಿನಲ್ಲಿದ್ದೆನೆಂದು ಹೇಳಿದ್ದರೆ ಮಾತ್ರ ಅದೇ ದಾಖಲೆಗೆ ದೊಡ್ಡ ಬೆಲೆ ಬರುತ್ತದೆ.

ಸಾವಿನ ಸಮಯವನ್ನು ಗಡಿಯಾರ ನೋಡಿದಂತೆ ಹೇಳುವ ವೈದ್ಯರು ಇಲ್ಲ. ದೇಹದ ಶಾಖ, ಸೆಟೆತ, ಹೊಟ್ಟೆಯಲ್ಲಿ ಉಳಿದ ಆಹಾರ ಮುಂತಾದವುಗಳಿಂದ ಇಷ್ಟು ಗಂಟೆಯಿಂದ ಇಷ್ಟು ಗಂಟೆಯೊಳಗೆ ಎಂದು ಅಂದಾಜು ಕೊಡುತ್ತಾರೆ. ಚಳಿಯಲ್ಲಿ ಸೆಟೆತ ನಿಧಾನವಾಗಿ ಬಂದು ಹೆಚ್ಚು ಹೊತ್ತು ಉಳಿಯುತ್ತದೆ, ಒದ್ದೆ ಬಟ್ಟೆಯಲ್ಲಿ ಬಯಲಿಗೆ ಬಿದ್ದ ದೇಹ ಬೇಗ ತಣ್ಣಗಾಗುತ್ತದೆ. ಜುಲೈ ತಿಂಗಳ ಕೊಡಗಿನ ಮಳೆಯಲ್ಲಿ ರಾತ್ರಿಯಿಡೀ ಬಿದ್ದಿದ್ದ ದೇಹದ ವಿಷಯದಲ್ಲಿ ಈ ಅಂದಾಜು ಇನ್ನೂ ಸಡಿಲ. ‘ಸರಿಯಾಗಿ 9 ಗಂಟೆ’ ಎಂಬುದು ವೈದ್ಯರ ವರದಿಯಿಂದ ಬಂದಿರಲಾರದು. ಗುಂಡಿನ ಸದ್ದು ಕೇಳಿದೆನೆಂದ ನೆರೆಯವರಿಂದ ಬಂದಿರಬಹುದು. ಹಾಗಿದ್ದರೆ ಅದು ಸಾಕ್ಷಿಯ ಹೇಳಿಕೆ. ಆನೆ ಓಡಿಸಲು ಪಟಾಕಿ ಸಿಡಿಸುವ ಊರಿನಲ್ಲಿ ಅವರು ಕೇಳಿದ್ದು ಯಾವ ಸದ್ದು ಎಂಬುದೂ ಪಾಟೀಸವಾಲಿನಲ್ಲಿ ತೀರ್ಮಾನವಾಗಬೇಕು.

ಪ್ರಶ್ನೆ: ನಮ್ಮ ಯುವಕ ಸಂಘದ ವಾಟ್ಸ್ಆ್ಯಪ್ ಗುಂಪಿನಲ್ಲಿ ‘ಆಸ್ತಿಗಾಗಿ ಚಿಕ್ಕಪ್ಪನನ್ನೇ ಗುಂಡಿಕ್ಕಿ ಕೊಂದ ಪಾಪಿಯ ಬಂಧನ’ ಎಂದು ಫೋಟೊ ಸಹಿತ ಹಾಕಿದ್ದಾರೆ. ಕಾರ್ಯದರ್ಶಿಯಾಗಿ ನಾನು ಏನು ಮಾಡಬೇಕು?
– ಓದುಗರೊಬ್ಬರು, ಕುಶಾಲನಗರ

ಉತ್ತರ: ತೆಗೆಸಿ. ಆ ಸಾಲಿನಲ್ಲಿ ಅಂದಿಗೆ ನಿಶ್ಚಿತವಾಗಿದ್ದದ್ದು ಕೊನೆಯ ಪದವೊಂದೇ. ‘ಆಸ್ತಿಗಾಗಿ’ ಎಂಬುದು ಉದ್ದೇಶದ ಊಹೆ, ‘ಕೊಂದ’ ಎಂಬುದು ನ್ಯಾಯಾಲಯ ಕೊಡಬೇಕಾದ ತೀರ್ಪು, ‘ಪಾಪಿ’ ಎಂಬುದು ಬರೆದವರ ಕೋಪ. ‘ಗುಂಡೇಟಿನಿಂದ ಮೃತಪಟ್ಟವರ ಪ್ರಕರಣದಲ್ಲಿ ಅವರ ಸಂಬಂಧಿಯೊಬ್ಬರನ್ನು ಪೊಲೀಸರು ಬಂಧಿಸಿದ್ದಾರೆ, ಆಸ್ತಿ ವಿವಾದ ಕಾರಣವೆಂದು ಪೊಲೀಸರು ಶಂಕಿಸಿದ್ದಾರೆ’ ಎಂದು ಬರೆದರೆ ತಿಳಿಸಬೇಕಾದದ್ದೆಲ್ಲ ತಿಳಿಸಿದಂತಾಯಿತು. ವಾಕ್ಯದ ಕೊನೆಗೆ ‘ಎನ್ನಲಾಗಿದೆ’ ಎಂದು ಅಂಟಿಸಿಬಿಟ್ಟರೆ ಸಾಲದು, ಹೇಳಿದವರು ಪೊಲೀಸರೋ, ದೂರುದಾರರೋ, ಅಂಗಡಿ ಮುಂದೆ ನಿಂತವರೋ ಎಂಬುದನ್ನು ಓದುವವರಿಗೆ ತಿಳಿಸಲೇಬೇಕು.

ಫೋಟೊ ಹಾಕಿದ್ದರಿಂದ ಆಗುವ ಹಾನಿ ಹಲವರಿಗೆ ಹೊಳೆಯುವುದಿಲ್ಲ. ಆರೋಪಿಯನ್ನು ಮೊದಲು ಪರಿಚಯವಿಲ್ಲದ ಸಾಕ್ಷಿಯೊಬ್ಬರು ಆ ರಾತ್ರಿ ದಾರಿಯಲ್ಲಿ ಆತನನ್ನು ಕಂಡಿದ್ದರೆ, ಆರೋಪಿಯನ್ನು ಇತರರೊಡನೆ ಸಾಲಾಗಿ ನಿಲ್ಲಿಸುವ ಗುರುತು ಪತ್ತೆ ಪರೇಡಿನಲ್ಲಿ ಅವರು ಗುರುತಿಸಬೇಕಾಗುತ್ತದೆ. ಅಷ್ಟರಲ್ಲಿ ಅವರ ಮೊಬೈಲಿಗೇ ಫೋಟೊ ಬಂದುಬಿಟ್ಟಿದ್ದರೆ, ನೆನಪಿನಿಂದ ಗುರುತಿಸಿದರೋ ಫೋಟೊ ನೋಡಿ ಗುರುತಿಸಿದರೋ ಎಂದು ಆರೋಪಿಯ ಪರ ವಕೀಲರು ಕೇಳುತ್ತಾರೆ. ಕೇಳಲೇಬೇಕು. ಹೀಗೆ ನಿಜವಾದ ಅಪರಾಧಿಯನ್ನು ಹಿಡಿದುಕೊಡಬಹುದಾಗಿದ್ದ ಒಂದು ಸಾಕ್ಷ್ಯವನ್ನು ಊರಿನವರೇ ಕೈಯಾರೆ ಕೆಡಿಸಿದಂತಾಗುತ್ತದೆ. ಸುಳ್ಳು ಆರೋಪ ಹಂಚಿದವರ ಮೇಲೆ ಭಾರತೀಯ ನ್ಯಾಯ ಸಂಹಿತೆಯ 356ನೇ ಸೆಕ್ಷನ್ನಿನಡಿ ಮಾನಹಾನಿ ಮೊಕದ್ದಮೆಯನ್ನೂ ಹೂಡಬಹುದು. ‘ನಾನು ಬರೆದದ್ದಲ್ಲ, ಬಂದದ್ದನ್ನು ಕಳುಹಿಸಿದೆ’ ಎಂಬುದು ಅಲ್ಲಿ ಸಮರ್ಥನೆಯಾಗದು.

ಪ್ರಶ್ನೆ: ಕೆಳಗಿನ ನ್ಯಾಯಾಲಯ ಶಿಕ್ಷೆ ಕೊಟ್ಟ ಮೇಲಾದರೂ ಸಾಬೀತಾಯಿತು ಎನ್ನಬಹುದಲ್ಲವೇ?
– ಕಾನೂನು ವಿದ್ಯಾರ್ಥಿನಿ, ಸೋಮವಾರಪೇಟೆ

ಉತ್ತರ: ಆ ನ್ಯಾಯಾಲಯದ ಮಟ್ಟಿಗೆ ಸಾಬೀತಾಯಿತು ಎನ್ನಬಹುದು. ಮೇಲ್ಮನವಿ ಬಾಕಿಯಿದ್ದರೆ ಅದನ್ನೂ ಸೇರಿಸಿ ಹೇಳಬೇಕು. 2008ರ ಮೇ ತಿಂಗಳ ನೋಯ್ಡಾ ಜೋಡಿ ಕೊಲೆ ಪ್ರಕರಣವನ್ನು ನೆನಪಿಸಿಕೊಳ್ಳಿ. ಬಾಲಕಿಯ ಕೊಲೆ ಪತ್ತೆಯಾದ ದಿನ, ಕಾಣದಿದ್ದ ಮನೆಗೆಲಸದವನೇ ಕೊಲೆಗಾರನೆಂದು ಎಲ್ಲರೂ ನಂಬಿದರು. ಮರುದಿನ ಅದೇ ಮನೆಯ ತಾರಸಿಯಲ್ಲಿ ಆತನ ಶವ ಸಿಕ್ಕಿತು. ಮುಂದೆ 2013ರ ನವೆಂಬರ್‌ನಲ್ಲಿ ವಿಚಾರಣಾ ನ್ಯಾಯಾಲಯ ಬಾಲಕಿಯ ತಂದೆ ತಾಯಿಗೆ ಜೀವಾವಧಿ ಶಿಕ್ಷೆ ವಿಧಿಸಿತು, 2017ರ ಅಕ್ಟೋಬರ್‌ನಲ್ಲಿ ಅಲಹಾಬಾದ್ ಹೈಕೋರ್ಟ್ ಅವರನ್ನು ಖುಲಾಸೆಗೊಳಿಸಿತು. ಖುಲಾಸೆಯನ್ನು ಓದುವಾಗಲೂ ಎಚ್ಚರ ಬೇಕು. ಸಾಕ್ಷ್ಯ ಸಾಲದೆ ಸಂಶಯದ ಲಾಭ ಕೊಟ್ಟು ಬಿಡುವುದುಂಟು, ಕುಶಾಲನಗರದವರ ಪ್ರಕರಣದಂತೆ ಅಪರಾಧವೇ ನಡೆದಿಲ್ಲವೆಂದು ತಿಳಿದು ಬಿಡುವುದೂ ಉಂಟು. ತೀರ್ಪಿನ ಕೊನೆಯ ಪುಟದ ಆದೇಶವನ್ನಷ್ಟೇ ನೋಡಬೇಡಿ, ಅದಕ್ಕೆ ಮುಂಚಿನ ಚರ್ಚೆಯನ್ನೂ ಓದಿ. ಜಿಲ್ಲಾ ನ್ಯಾಯಾಲಯಗಳ ತೀರ್ಪುಗಳು ಇ-ಕೋರ್ಟ್ಸ್ ಜಾಲತಾಣದಲ್ಲಿ ಪ್ರಕರಣದ ಸಂಖ್ಯೆ ಕೊಟ್ಟರೆ ಸಿಗುತ್ತವೆ.